ಬೆಟ್ಟದ ಸೈಕಲ್ಲು, ಬೆಟ್ಟದ ಮಣ್ಣು

(ಕೆಂಗೇರಿಯಲ್ಲಿ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಮಾಡಿದ ಭಾಷಣ)



ನಾನು ಮಣ್ಣನ್ನು ಓದಿದವನು, ಸೈಕಲ್ಲಿನ ಪರಿಣತನಲ್ಲ. ಆದರೂ ಈ ವಿಷಯವನ್ನು ಒಪ್ಪಿಕೊಂಡುದಕ್ಕೆ ಕಾರಣವಿದೆ. ನಮ್ಮ ಮನೆಯ ಮೇಲಿನ ಗುಡ್ಡದ ಕಾಲುದಾರಿಯಲ್ಲಿ ತಲೆಮಾರುಗಳಿಂದ ಜನ, ದನ ನಡೆದಿದ್ದಾರೆ. ಒಂದು ಮಳೆಗಾಲದಲ್ಲಿ ನಗರದ ಯುವಕರು ವಾರವಾರವೂ ಬಂದು ಅಲ್ಲಿ ಸೈಕಲ್ ಇಳಿಸಿದರು. ಶ್ರಾವಣ ಮುಗಿಯುವಷ್ಟರಲ್ಲಿ ದಾರಿ ಮೊಣಕಾಲಾಳದ ಕೊರಕಲಾಗಿತ್ತು. ಕೆಳಗಿನ ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕೆಮ್ಮಣ್ಣು ತುಂಬಿತ್ತು. ಆ ಹುಡುಗರು ಕೆಟ್ಟವರಲ್ಲ. ತಾವೇರಿದ ಯಂತ್ರದ ಯಾವ ಭಾಗ ಏತಕ್ಕಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಸೈಕಲ್ಲು ಹುಟ್ಟಿದ್ದೇ ಇಳಿಜಾರಿನ ಕಷ್ಟದಿಂದ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಗುಡ್ಡದಿಂದ ಕೆಳಗಿಳಿಯುವ ಪಂದ್ಯ ಆರಂಭಿಸಿದರು. ಒಮ್ಮೆ ಇಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕು ಕಾದು ಒಳಗಿನ ಗ್ರೀಸು ಉರಿದುಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಆದುದರಿಂದ ಆ ದಾರಿಗೇ 'ರೀಪ್ಯಾಕ್' ಎಂಬ ಹೆಸರು ಬಂತು. 1977ರಲ್ಲಿ ಜೋ ಬ್ರೀಜ್ ಎಂಬಾತ ಇಂಥ ಸವಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದ. ಅಂದಿನಿಂದ ಸೇರಿದ ಒಂದೊಂದು ಭಾಗವೂ ಬೆಟ್ಟ ಕೇಳಿದ ಪ್ರಶ್ನೆಗೆ ಒಂದು ಉತ್ತರ.

ಮೊದಲು ಟೈರು. ಅದರ ಅಗಲ ಎರಡು ಅಂಗುಲಕ್ಕೂ ಮಿಕ್ಕಿದ್ದು, ಮೈತುಂಬ ಗುಬುಟುಗಳಿರುತ್ತವೆ. ಟೈರು ನೆಲವನ್ನು ಒತ್ತುವ ಒತ್ತಡ ಸುಮಾರಾಗಿ ಒಳಗಿನ ಗಾಳಿಯ ಒತ್ತಡದಷ್ಟೇ. ಕಲ್ಲಿನಂತೆ ಗಾಳಿ ತುಂಬಿದರೆ ಭಾರವೆಲ್ಲ ಸಣ್ಣ ಜಾಗದ ಮೇಲೆ ಬಿದ್ದು ಮಣ್ಣು ಒತ್ತಿಹೋಗುತ್ತದೆ. ಒತ್ತಿದ ಮಣ್ಣು ನೀರು ಕುಡಿಯದು. ಸವಾರನ ತೂಕ ನೋಡಿ 25ರಿಂದ 35 ಪೌಂಡು ಸಾಕು.

ಎರಡನೆಯದು ಬ್ರೇಕು. ಚಕ್ರದ ನಡುವಿನ ಗುಂಬದ ಬಳಿ ಡಿಸ್ಕು ಇರುವುದು ಕೆಸರಿನಿಂದ ದೂರವಿರಲೆಂದು. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಜರುಗಿ ಹಿಂಚಕ್ರ ಹಗುರವಾಗುತ್ತದೆ. ಆಗ ಹಿಂದಿನ ಬ್ರೇಕನ್ನೇ ಬಿಗಿಯಾಗಿ ಹಿಡಿದರೆ ಚಕ್ರ ಉರುಳದೆ ನೆಲವನ್ನು ಉಜ್ಜಿಕೊಂಡು ಹೋಗುತ್ತದೆ. ಅದು ಸೈಕಲ್ಲಲ್ಲ, ನೇಗಿಲು. ಯಾವ ಹಿಡಿ ಯಾವ ಚಕ್ರದ್ದೆಂದು ಮೊದಲೇ ತಿಳಿದು, ಎರಡನ್ನೂ ಹದವಾಗಿ ಬಳಸಿರಿ.

ಮೂರನೆಯದು ಗೇರು. ನಮ್ಮ ಸಾಮಾನ್ಯ ಸೈಕಲ್ಲಿನ ಪೆಡಲು ಒಂದು ಸುತ್ತು ತಿರುಗಿದರೆ ಐದು ಮೀಟರ್ ಸಾಗುತ್ತೇವೆ. ಇಲ್ಲಿ ಮುಂದೆ 22 ಹಲ್ಲಿನ, ಹಿಂದೆ 32 ಹಲ್ಲಿನ ಚಕ್ರಕ್ಕೆ ಸರಪಳಿ ಹಾಕಿದರೆ ಒಂದೂವರೆ ಮೀಟರ್ ಮಾತ್ರ. ದೂರ ಕಡಿಮೆ, ಆದರೆ ಏರುವ ಶ್ರಮವೂ ಕಡಿಮೆ. ಏರು ಬರುವ ಮೊದಲೇ ಗೇರು ಬದಲಿಸಬೇಕು. ಇಲ್ಲವಾದರೆ ಎದ್ದು ನಿಂತು ತುಳಿಯುವ ರಭಸಕ್ಕೆ ಹಿಂಚಕ್ರ ನಿಂತಲ್ಲೇ ಸುತ್ತಿ ಗುಂಡಿ ತೋಡುತ್ತದೆ.

ನಾಲ್ಕನೆಯದು ಮುಂದಿನ ಫೋರ್ಕು. ಅದು ಸುಮಾರು ನೂರು ಮಿಲಿಮೀಟರ್ ಕುಗ್ಗಿ ಹಿಗ್ಗುವುದು ಕಲ್ಲನ್ನು ದಾಟಲೆಂದು. ಕಲ್ಲಿಗೆ ಅಂಜಿ ಪಕ್ಕಕ್ಕೆ ಬಳಸಿ ಹೋದರೆ ಹುಲ್ಲು ಸಾಯುತ್ತದೆ, ಒಂದು ದಾರಿ ಮೂರಾಗುತ್ತದೆ.

ಈಗ ಮುಖ್ಯ ಮಾತು. ಒದ್ದೆ ನೆಲದಲ್ಲಿ ಹೆಜ್ಜೆಯ ಗುರುತು ಬಿಡಿಬಿಡಿ ಗುಂಡಿ. ಅದರಲ್ಲಿ ನೀರು ನಿಲ್ಲುತ್ತದೆ. ಚಕ್ರದ ಗುರುತು ಒಂದೇ ಗೆರೆ. ಅದರಲ್ಲಿ ನೀರು ಓಡುತ್ತದೆ. ಓಡುವ ನೀರು ಮಣ್ಣನ್ನು ಬಿಟ್ಟು ಹೋಗುವುದಿಲ್ಲ. ಮೇಲ್ಮಣ್ಣು ಒಂದು ಅಂಗುಲ ಬೆಳೆಯಲು ನೂರಾರು ವರ್ಷ ಬೇಕು, ಕೊಚ್ಚಿಹೋಗಲು ಒಂದು ಮಳೆಗಾಲ ಸಾಕು. ಎಷ್ಟು ಒಳ್ಳೆಯ ಬಿಡಿಭಾಗಗಳಿದ್ದರೂ ಒದ್ದೆ ದಾರಿಗೆ ಪರಿಹಾರವಿಲ್ಲ. ಕಾಯುವುದೊಂದೇ ಪರಿಹಾರ.

ಇಲ್ಲಿಗೆ ಸಮೀಪದ ತುರಹಳ್ಳಿ ಕಾಡು ನಿಮಗೆ ಗೊತ್ತು. ಬೆಂಗಳೂರಿನ ಸೈಕಲ್ ಸವಾರರಿಗೆ ಅದು ಬಹುಕಾಲದ ಪರಿಚಯ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ನಾಗರಿಕರು ವಿರೋಧಿಸಿದರು. ಸರ್ಕಾರ ಅದನ್ನು ಕೈಬಿಟ್ಟಿತು. ಹಾಗೆ ಉಳಿಸಿಕೊಂಡ ಕಾಡನ್ನು ನಮ್ಮ ಚಕ್ರಗಳೇ ಕೊರೆಯಬಾರದು. ಅರಣ್ಯ ಇಲಾಖೆ ಒಪ್ಪಿದ ದಾರಿಯಲ್ಲಿ ಮಾತ್ರ ಹೋಗಿರಿ. ಹೊರಡುವ ಮೊದಲು ಟೈರಿನ ಕೆಸರು ತೊಳೆಯಿರಿ. ಪಾರ್ಥೇನಿಯಂ ಬೀಜ ಆ ಕೆಸರಿನಲ್ಲಿಯೇ ಸವಾರಿ ಮಾಡುತ್ತದೆ.

ಹಳ್ಳಿಯ ಬಂಧುಗಳಲ್ಲಿ ಒಂದು ವಿನಂತಿ. ಸೈಕಲ್ಲು ಹೊತ್ತು ಬರುವ ಮಕ್ಕಳನ್ನು ಗದರಿಸಿ ಓಡಿಸಬೇಡಿ. ಯಾವ ದಾರಿ ಗಟ್ಟಿ, ಯಾವುದು ಮಳೆಗೆ ಕರಗುತ್ತದೆ ಎಂಬುದು ನಿಮಗೆ ಗೊತ್ತು, ತೋರಿಸಿಕೊಡಿ. ನಮ್ಮ ಗುಡ್ಡದ ಆ ಕೊರಕಲಿಗೆ ಮರುವರ್ಷ ಕಲ್ಲಿನ ಅಡ್ಡಕಟ್ಟು ಹಾಕಿದಾಗ ಕಲ್ಲು ಹೊತ್ತವರಲ್ಲಿ ಆ ಯುವಕರೂ ಇಬ್ಬರಿದ್ದರು.