ವಿಸ್ಕಿ ಭಟ್ಟಿಯ ಒಲೆಗೆ ಯಾವ ಇಂಧನ?

ಸ್ಕಾಟ್ಲೆಂಡಿನ ಸಣ್ಣ ವಿಸ್ಕಿ ಭಟ್ಟಿಯೊಂದಕ್ಕೆ ಯಾವ ನವೀಕರಿಸಬಹುದಾದ ಶಕ್ತಿ ತಕ್ಕುದೆಂದು ಕೇಳಿದೊಡನೆ ಗಾಳಿಯಂತ್ರವೇ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಭಟ್ಟಿಗೆ ಮುಖ್ಯವಾಗಿ ಬೇಕಾದುದು ವಿದ್ಯುತ್ತಲ್ಲ, ಉಗಿ. ಹುದುಗಿದ ಮಾಲ್ಟಿನ ರಸದಲ್ಲಿ ಮದ್ಯಸಾರ ಸುಮಾರು ಶೇ. 8 ಮಾತ್ರ, ಅದನ್ನು ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಕುದಿಸಿ ಇಳಿಸುತ್ತಾರೆ. ಅಡಿಕೆ ಬೇಯಿಸುವ ಒಲೆಯ ಮುಂದೆ ಕುಳಿತವರಿಗೆ ಈ ಹಸಿವನ್ನು ವಿವರಿಸಬೇಕಾಗಿಲ್ಲ. ಅನಿಲದ ಕೊಳವೆಮಾರ್ಗ ತಲುಪದ ಐಲಾ ದ್ವೀಪದಲ್ಲಂತೂ ಉರುವಲು ತೈಲ ಹಡಗಿನಲ್ಲೇ ಬರಬೇಕು.

ಪಶ್ಚಿಮ ತೀರದ ಮಾರ್ವರ್ನ್‌ನಲ್ಲಿ 2017ರಲ್ಲಿ ಭಟ್ಟಿ ಇಳಿಸತೊಡಗಿದ ನುಕ್‌ನೀಅನ್ ಎಂಬ ಸಣ್ಣ ಸಂಸ್ಥೆ ಸಮೀಪದ ನೆಡುತೋಪಿನ ಮರದ ಚಕ್ಕೆಗಳನ್ನು ಉರಿಸಿ ಉಗಿ ಪಡೆಯುತ್ತದೆ. ಕಡಿದಷ್ಟನ್ನು ನೆಟ್ಟು ಬೆಳೆಸುವವರೆಗೆ ಇದು ಒಪ್ಪತಕ್ಕದ್ದೇ. ಆದರೆ ಹತ್ತು ಭಟ್ಟಿಗಳು ಅದೇ ತೋಪಿಗೆ ಕೈಚಾಚಿದರೆ?

ಮೊದಲ ಹಂಡೆಯಲ್ಲಿ ಉಳಿಯುವ ದ್ರವದಿಂದ ಜೈವಿಕ ಅನಿಲ ತೆಗೆಯುವುದು ಹೆಚ್ಚು ಯುಕ್ತ. ಬಾರ್ಲಿಯ ಚರಟದ ಮಾತು ಬೇರೆ. ಅದು ಅಲ್ಲಿನ ದನಗಳ ಮೇವು. ಅದನ್ನೂ ಅನಿಲದ ತೊಟ್ಟಿಗೆ ಸುರಿದರೆ ರೈತನು ಬೇರೆ ಮೇವನ್ನು ಕೊಳ್ಳಬೇಕಾಗುತ್ತದೆ. ಈ ಲೆಕ್ಕವನ್ನು ಇಂಧನ ತಜ್ಞರು ಹಲವು ಸಲ ಮರೆಯುತ್ತಾರೆ.

ಇವೆಲ್ಲಕ್ಕೂ ಮೊದಲು ನೋಡಬೇಕಾದುದು, ಆವಿಯನ್ನು ತಣಿಸಿದ ನೀರಿನೊಡನೆ ಹೊರಹೋಗುವ ಶಾಖವನ್ನು. ಐಲಾದ ಬೌಮೋರ್ ಭಟ್ಟಿಯ ಇಂಥ ಶಾಖದಿಂದ ಊರಿನ ಈಜುಕೊಳವೇ ಬೆಚ್ಚಗಾಯಿತು. ಆವಿಯನ್ನು ಯಂತ್ರದಿಂದ ಒತ್ತಿ, ಬಿಸಿಯೇರಿಸಿ, ಅದೇ ಹಂಡೆಯನ್ನು ಕಾಯಿಸಲೂ ಬರುತ್ತದೆ. ಆ ಯಂತ್ರಕ್ಕೆ ವಿದ್ಯುತ್ತು ಬೇಕು. ಗಾಳಿಯಂತ್ರದ ಸರದಿ ಬರುವುದು ಆಗ.