ಚೌಕಾಬಾರದ ಮಣೆಯ ಸುತ್ತ ಕನ್ನಡ ಪಾಠ



ವಾರವಿಡೀ ದುಡಿದು, ಭಾನುವಾರದ ಬಿಡುವನ್ನು ಕನ್ನಡ ತರಗತಿಗೆ ಕೊಡುವ ಶಿಕ್ಷಕರು, ತಂದೆತಾಯಿಗಳು ಇಲ್ಲಿ ಸೇರಿದ್ದೀರಿ. ನಮ್ಮೆಲ್ಲರ ಕೊರಗು ಒಂದೇ. ಮಕ್ಕಳು ಅಕ್ಷರ ಕಲಿಯುತ್ತಾರೆ, ಆದರೆ ಮಾತಾಡುವುದಿಲ್ಲ. ಊರಿಂದ ಅಜ್ಜಿ ಫೋನ್ ಮಾಡಿದರೆ "ಚೆನ್ನಾಗಿದ್ದೀನಿ" ಎಂದಷ್ಟೇ ಹೇಳಿ ಫೋನನ್ನು ಅಮ್ಮನ ಕೈಗೆ ಕೊಡುತ್ತಾರೆ. ಹೀಗೇ ಬಿಟ್ಟರೆ ಅಜ್ಜಿ-ಮೊಮ್ಮಕ್ಕಳ ನಡುವೆ ಮಾತೇ ಉಳಿಯುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ತರಗತಿ 90 ನಿಮಿಷ, ಮಕ್ಕಳು 20 ಎಂದುಕೊಳ್ಳಿ. ಒಬ್ಬೊಬ್ಬರನ್ನೇ ಮಾತಾಡಿಸಿದರೆ, ನಾವು ಬಾಯಿ ತೆರೆಯದಿದ್ದರೂ, ಒಂದು ಮಗುವಿಗೆ ಸಿಗುವುದು ನಾಲ್ಕೂವರೆ ನಿಮಿಷ. ಅದೇ ಮಕ್ಕಳನ್ನು ನಾಲ್ವರಂತೆ ಐದು ಚೌಕಾಬಾರದ ಮಣೆಗಳ ಸುತ್ತ ಕೂರಿಸಿದರೆ, ಅರ್ಧ ಗಂಟೆಯಲ್ಲೇ ಪ್ರತಿ ಮಗುವಿನ ಪಾಲು ಏಳೂವರೆ ನಿಮಿಷ.

ಬೇಕಾದ್ದು 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಮಣೆ ಇಲ್ಲದಿದ್ದರೆ ಕಾಗದದ ಮೇಲೆ ಗೀಟೆಳೆದರೂ ಆಯಿತು. ನಾನು ಸೇರಿಸಿದ ನಿಯಮ ಒಂದೇ: ಹೇಳದೆ ಕಾಯಿ ನಡೆಸುವಂತಿಲ್ಲ. "ನನಗೆ ಮೂರು ಬಿತ್ತು. ಈ ಮನೆಯಿಂದ ಆ ಮನೆಗೆ ಹೋಗುತ್ತೇನೆ." ವಿಭಕ್ತಿಗಳ ಪಟ್ಟಿ ನೋಡಿದರೆ ಆಕಳಿಸುವ ಹುಡುಗನ ಬಾಯಲ್ಲೂ 'ಇಂದ', 'ಗೆ' ತಾನಾಗಿ ಬರುತ್ತವೆ. ಕಾಯಿಯಾದರೆ 'ಎರಡು', ಆಟಗಾರರಾದರೆ 'ಇಬ್ಬರು' ಎನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದು ಪ್ರಶ್ನೆ ಹಾಕುತ್ತೇನೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು. ಹಾಗಾದರೆ ಒಮ್ಮೆ ಹಾಕಿದಾಗ ಐದು, ಆರು, ಏಳು ಯಾಕೆ ಬೀಳುವುದಿಲ್ಲ? ಉತ್ತರ ಹೇಳಲು 'ಯಾಕೆಂದರೆ' ಬೇಕು, 'ಆದರೆ' ಬೇಕು. ಗಣಿತದ ಜೊತೆಗೆ ಉದ್ದದ ವಾಕ್ಯವೂ ಹುಟ್ಟುತ್ತದೆ.

ಎರಡು ಎಚ್ಚರಿಕೆ. ಮಾತಿನಲ್ಲಿ ಚುರುಕಾದ ಮಗು ಉಳಿದವರ ಪರವಾಗಿ ತಾನೇ ಹೇಳಿಬಿಡುತ್ತದೆ. ಹಾಗೆ ಹೇಳಿದವರು ತಮ್ಮ ಒಂದು ಸರದಿ ಬಿಡಬೇಕು. ಇನ್ನು, ಆಟ ಮುಗಿಯದಿದ್ದರೂ ಕೊನೆಯ ಹತ್ತು ನಿಮಿಷ ಬರವಣಿಗೆಗೆ ಇಡಿ. ಯಾರ ಕಾಯಿಯನ್ನು ಯಾರು ಹೊಡೆದರು, ಆಮೇಲೇನಾಯಿತು ಎಂದು ಮೂರು ವಾಕ್ಯ ಬರೆಯಲಿ. ಭೂತಕಾಲದ ಪಾಠಕ್ಕೆ ಅಷ್ಟು ಸಾಕು.

"ಆಟ ಆಡಿಸೋಕೆ ಇಷ್ಟು ದೂರ ಕರ್ಕೊಂಡು ಬರಬೇಕಾ?" ಎಂದು ಕೇಳುವ ಪೋಷಕರಿದ್ದಾರೆ. ನ್ಯಾಯವಾದ ಪ್ರಶ್ನೆ. ಅವರನ್ನು ಮಣೆಯ ಪಕ್ಕ ಹತ್ತು ನಿಮಿಷ ಕೂರಿಸಿ, ಮಗು ಆಡಿದ ಕನ್ನಡ ವಾಕ್ಯಗಳನ್ನು ಅವರೇ ಎಣಿಸಲಿ. ಎಣಿಕೆ ಕಡಿಮೆಯಾದರೆ ಆಟ ಬದಲಿಸೋಣ. ಹೆಚ್ಚಾದರೆ ಮನೆಯಲ್ಲೂ ಒಂದು ಮಣೆ ಹಾಸಲಿ.