ತೊದಲಿದರೂ ಮಾತಾಡೋಣ

(ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಡೆದ ವಚನ ಚಿಂತನ ಗೋಷ್ಠಿಯಲ್ಲಿ ಆಡಿದ ಮಾತುಗಳು)

ಶರಣ ಬಂಧುಗಳೇ, ಎಲ್ಲರಿಗೂ ಶರಣು ಶರಣಾರ್ಥಿಗಳು.

ಇಷ್ಟು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ನೀವೇ ನೋಡಿದಿರಿ. ನನಗೆ ಚಿಕ್ಕಂದಿನಿಂದಲೂ ಉಗ್ಗು ಇದೆ. ಸುಮಾರು 100 ಜನರಲ್ಲಿ ಒಬ್ಬರಿಗೆ ಇರುವಂಥದ್ದೇ ಇದು.

ಬಾಲ್ಯದಲ್ಲಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದರು, ಹರಕೆ ಹೊತ್ತರು, ಪೂರ್ವಜನ್ಮದ ಕರ್ಮ ಎಂದರು. ಕರ್ಮದ ಹೆಸರಿನಲ್ಲಿ ಮನುಷ್ಯನನ್ನು ಕೀಳು ಮಾಡುವುದನ್ನು ಬಸವಾದಿ ಶರಣರು ಒಪ್ಪಲಿಲ್ಲ. ನಾನು ಮಾತ್ರ ಒಪ್ಪಿಕೊಂಡು ತಲೆ ತಗ್ಗಿಸಿದೆ.

ನನ್ನ ಮೊದಲ ಉಪಾಯವೆಂದರೆ ಅಡಗಿಕೊಳ್ಳುವುದು. ಕೆಲಸಕ್ಕೆ ದಿನವೂ ಬಸ್ಸಿನಲ್ಲಿ ಗುಬ್ಬಿಗೆ ಹೋಗಬೇಕಿತ್ತು. ಕಂಡಕ್ಟರ್ ಎದುರು ‘ಗು’ ಹೊರಡುತ್ತಿರಲಿಲ್ಲ. ‘ನಿಟ್ಟೂರು’ ಸಲೀಸಾಗಿ ಬರುತ್ತಿತ್ತು. ಹಾಗಾಗಿ ಹೆಚ್ಚು ದುಡ್ಡು ಕೊಟ್ಟು ಮುಂದಿನ ನಿಟ್ಟೂರಿಗೆ ಟಿಕೆಟ್ ಪಡೆದು ಗುಬ್ಬಿಯಲ್ಲೇ ಇಳಿಯುತ್ತಿದ್ದೆ. ಒಂದು ಅಕ್ಷರಕ್ಕೆ ಹೆದರಿ ವರ್ಷಗಟ್ಟಲೆ ಕಟ್ಟಿದ ಕಂದಾಯ ಅದು!

ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ.  ಅಂದಿನಿಂದ ನಾನು ಪಾಲಿಸಿಕೊಂಡು ಬಂದದ್ದು ಐದೇ ವಿಷಯ. ಮೊದಲ ಅಕ್ಷರವನ್ನು ತಳ್ಳದೆ, ಉಸಿರು ಬಿಡುತ್ತಾ ಮೃದುವಾಗಿ ಶುರು ಮಾಡುವುದು. ಎರಡು ಮೂರು ಪದಕ್ಕೊಮ್ಮೆ ನಿಲ್ಲುವುದು. ಸಿಕ್ಕಿಕೊಂಡರೆ ನಿಲ್ಲಿಸಿ, ಬಿಗಿ ಸಡಿಲಿಸಿ, ಅದೇ ಪದವನ್ನು ಮತ್ತೆ ಹೇಳುವುದು. ಬೇರೆ ಪದದ ಹಿಂದೆ ಅಡಗದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ‘ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಕೊಡಿ’ ಎಂದು ಮೊದಲೇ ಹೇಳಿಬಿಡುವುದು. ಇದನ್ನು ಹೇಳಿದ ದಿನ ಅರ್ಧ ಭಾರ ಇಳಿಯಿತು. ಉಗ್ಗು ಹೋಗಲಿಲ್ಲ, ಭಯ ಹೋಯಿತು.

ಇನ್ನೊಂದು ಮಾತು. ಸಾಮೂಹಿಕ ಪ್ರಾರ್ಥನೆಯಲ್ಲಿ ಎಲ್ಲರೊಡನೆ ವಚನ ಹಾಡುವಾಗ ನಾನು ಉಗ್ಗುವುದೇ ಇಲ್ಲ. ಉಗ್ಗುವ ಬಹಳ ಮಂದಿಯ ಅನುಭವ ಇದೇ. ನಾಲಿಗೆಯಲ್ಲಿ ದೋಷವಿಲ್ಲ, ಬುದ್ಧಿಯಲ್ಲೂ ಇಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಇಷ್ಟೆಲ್ಲ ತಿಳಿದೂ ನಾನು ತಪ್ಪು ಮಾಡಿದೆ. ನನ್ನ ಏಳು ವರ್ಷದ ಮೊಮ್ಮಗಳಿಗೂ ಉಗ್ಗು ಇದೆ. ಕಳೆದ ವಾರ ಬಂದ ನೆಂಟರಿಗೆ ತನ್ನ ಹೆಸರು ಹೇಳಲು ಅವಳು ತಡವರಿಸಿದಳು. ನಾನು ಥಟ್ಟನೆ ಪೂರ್ತಿ ಮಾಡಿಬಿಟ್ಟೆ. ಮಗು ತಲೆ ತಗ್ಗಿಸಿತು. ಹಾಗೆ ತಗ್ಗಿದ ತಲೆ ನನಗೆ ಗೊತ್ತಿಲ್ಲದ್ದೇ? ಸಹಾಯವೆಂದುಕೊಂಡು ಅವಳ ಮಾತನ್ನು ಕಸಿದುಕೊಂಡಿದ್ದೆ.

ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಮಾತಾಡಿದರು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿ ಕಾದು ಕೇಳಿದವರೂ ಇದ್ದರು ಎಂಬುದನ್ನು ಮರೆಯುತ್ತೇವೆ. ಮನೆಯಲ್ಲಿ ಉಗ್ಗುವ ಮಗುವಿದ್ದರೆ ಗದರಬೇಡಿ, ಅಣಕಿಸಬೇಡಿ. ನೀವೇ ನಿಧಾನವಾಗಿ ಮಾತಾಡಿ. ಬೇಗನೆ ವಾಕ್ ತಜ್ಞರಿಗೆ ತೋರಿಸಿ.

ನನ್ನ ಮೊಮ್ಮಗಳು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಈಗ ಒಂದು ವಚನ ಹೇಳುತ್ತೇನೆ ಎಂದಿದ್ದಾಳೆ. ಎಷ್ಟು ಹೊತ್ತಾದರೂ ಆಗಲಿ. ದಯವಿಟ್ಟು ಯಾರೂ ಪೂರ್ತಿ ಮಾಡಿಕೊಡಬೇಡಿ. ನಾನೂ ಮಾಡುವುದಿಲ್ಲ.